ಕೊನೆಯ ಮೂರು ನಿಕಲ್: ಚಿಲ್ಲರೆಯಲ್ಲೇ ಹುಡುಕಬೇಕಾ, ದುಡ್ಡು ಕೊಟ್ಟು ತರಬೇಕಾ?

ಚಿಲ್ಲರೆ ಡಬ್ಬಿ (ನ್ಯೂಜೆರ್ಸಿ):
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಮಾತು ಬೇಕು. ಆರು ವರ್ಷದಿಂದ ನಾನೂ ನನ್ನ ಮಗಳೂ ಅಮೆರಿಕದ ಐದು ಸೆಂಟಿನ ನಾಣ್ಯ, ಅಂದರೆ ನಿಕಲ್, ಕೂಡಿಸುತ್ತಿದ್ದೇವೆ. ಹಳೆಯ ಅಧ್ಯಕ್ಷ ಜೆಫರ್ಸನ್ ಮುಖದ ನಿಕಲ್ ಶುರುವಾಗಿದ್ದು 1938ರಲ್ಲಿ. ಅಲ್ಲಿಂದ ಇವತ್ತಿನ ತನಕ ಪ್ರತಿ ವರ್ಷದ್ದು, ಪ್ರತಿ ಟಂಕಸಾಲೆಯದ್ದು ಒಂದೊಂದು ಬೇಕು. ನಮ್ಮ ನಿಯಮ ಒಂದೇ. ಯಾವುದನ್ನೂ ಕೊಳ್ಳಬಾರದು. ಅಂಗಡಿಯಲ್ಲಿ ಕೊಟ್ಟ ಚಿಲ್ಲರೆ, ಬ್ಯಾಂಕಿನಿಂದ ತಂದ ರೋಲ್ (ಕಾಗದದಲ್ಲಿ ಸುತ್ತಿದ ನಾಣ್ಯ), ಇಷ್ಟರಲ್ಲೇ ಸಿಗಬೇಕು. ಈಗ ನಾಣ್ಯ ಕೂರಿಸುವ ಮೊದಲ ನೀಲಿ ಫೋಲ್ಡರಿನಲ್ಲಿ ಮೂರೇ ಕುಳಿ ಖಾಲಿ ಇವೆ: 1938-ಎಸ್, 1939-ಡಿ, 1950-ಡಿ (ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ, ಡಿ ಅಂದರೆ ಡೆನ್ವರ್). ಮುಂದಿನ ಆಗಸ್ಟಿಗೆ ಮಗಳು ಕಾಲೇಜಿಗೆ ಹೊರಡುತ್ತಾಳೆ. "ಅಪ್ಪ, ಮೂರನ್ನೂ ಕೊಂಡುಬಿಡೋಣ" ಅಂತಾಳೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನೀವೇನು ಹೇಳುತ್ತೀರಿ?

ಡೆನ್ವರ್ ಅಕ್ಕ:
ಅಣ್ಣಾ, ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. 1950-ಡಿ ಕಥೆಯೇ ಬೇರೆ. ಆ ವರ್ಷ ಡೆನ್ವರ್‌ನಲ್ಲಿ ಟಂಕಿಸಿದ್ದು 26,30,030 ಮಾತ್ರ. ಚಲಾವಣೆಗಾಗಿ ಮಾಡಿದ ಜೆಫರ್ಸನ್ ನಿಕಲ್‌ಗಳಲ್ಲಿ ಇಷ್ಟು ಕಮ್ಮಿ ಬೇರೆ ಯಾವುದೂ ಇಲ್ಲ. ಸುದ್ದಿ ಆಗಲೇ ಹಬ್ಬಿತ್ತು. ಜನ ಬ್ಯಾಂಕಿನಿಂದ ರೋಲ್‌ಗಟ್ಟಲೆ ತಂದು ಹಾಗೇ ಎತ್ತಿಟ್ಟರು. ಬಹುಪಾಲು ನಾಣ್ಯ ಅಂಗಡಿಯ ಗಲ್ಲಾಪೆಟ್ಟಿಗೆಯನ್ನೇ ನೋಡಲಿಲ್ಲ. ಅದಕ್ಕೇ ಇವತ್ತಿಗೂ ಹೊಳೆಯುವ 1950-ಡಿ ನಾಣ್ಯದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಸವೆದದ್ದೇ ಅಪರೂಪ. ಚಲಾವಣೆಗೆ ಬರದ ನಾಣ್ಯವನ್ನು ಚಿಲ್ಲರೆಯಲ್ಲಿ ಹುಡುಕಿದರೆ ಹೇಗೆ ಸಿಗುತ್ತದೆ? ಅದನ್ನು ಕೊಳ್ಳಿ, ತಪ್ಪಿಲ್ಲ. ಉಳಿದೆರಡು ಹಾಗಲ್ಲ. ಟಂಕಿಸಿದ್ದು 1939-ಡಿ 35 ಲಕ್ಷದ ಮೇಲೆ, 1938-ಎಸ್ 41 ಲಕ್ಷ. ಅವು ಕೈಯಿಂದ ಕೈಗೆ ಓಡಾಡಿವೆ. ಅವನ್ನು ಹುಡುಕಿ.

ಕಾಡೆಮ್ಮೆ (ಟೆಕ್ಸಾಸ್):
ಅಕ್ಕ ಹೇಳಿದ್ದು ಲೆಕ್ಕಕ್ಕೆ ಸರಿ, ನಿಯಮಕ್ಕೆ ಸರಿಯಲ್ಲ. ಒಂದನ್ನು ಕೊಂಡ ಮೇಲೆ ಎರಡನ್ನು ಯಾಕೆ ಬಿಡಬೇಕು? ಆ ಕುಳಿ ಖಾಲಿಯೇ ಇರಲಿ. ಖಾಲಿ ಇದ್ದರೆ ಅದರ ಹಿಂದಿನ ಕಥೆ ಗೊತ್ತಾಗುತ್ತದೆ. ತುಂಬಿದರೆ ಯಾರೂ ಕೇಳುವುದೇ ಇಲ್ಲ.

ಸ್ಯಾನ್‌ಹೋಸೆ ಹೊಸಬ:
ನಾನು ಈಗಷ್ಟೇ ಶುರು ಮಾಡಿದ್ದೇನೆ. ಬ್ಯಾಂಕಿನಲ್ಲಿ ಬಾಕ್ಸ್ ಕೇಳಿದೆ. 100 ಡಾಲರ್‌ಗೆ 50 ರೋಲ್, ರೋಲಿಗೆ 40 ನಾಣ್ಯ, ಒಟ್ಟು 2,000. ಹೊತ್ತು ತರುವಾಗ ಗೊತ್ತಾಯಿತು, ಸರಿಯಾಗಿ 10 ಕಿಲೋ! ಎರಡು ಸಾವಿರವನ್ನೂ ಒಂದೊಂದಾಗಿ ನೋಡುತ್ತೀರಾ? ಮೊದಲು ಏನನ್ನು ಹುಡುಕಬೇಕು?

ಚಿಲ್ಲರೆ ಡಬ್ಬಿ:
ಹೌದು, ಎಲ್ಲವನ್ನೂ ನೋಡಬೇಕು. ಆದರೆ ಒಂದು ದಾರಿ ಇದೆ. ರೋಲಿನ ಕಾಗದ ಬಿಚ್ಚಿ, ನಾಣ್ಯಗಳನ್ನು ಹಾಗೇ ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ. ಅಂಚು ಮಾತ್ರ ಕಾಣಬೇಕು. ಮೇಲಿಂದ ದೀಪ ಇರಲಿ. ಮೂವತ್ತೊಂಬತ್ತು ಅಂಚು ಒಂದೇ ಬಣ್ಣ ಇದ್ದು ಒಂದು ಮಾತ್ರ ಬೂದಿ ಹಿಡಿದ ಹಾಗೆ ಮಂಕಾಗಿದ್ದರೆ ಎದೆ ಡವಗುಟ್ಟುತ್ತದೆ. ಅದನ್ನು ತೆಗೆದು ಹಿಂಬದಿ ತಿರುಗಿಸಿ. ಅಲ್ಲಿರುವ ಜೆಫರ್ಸನ್‌ರ ಮಾಂಟಿಸೆಲ್ಲೋ ಮನೆಯ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಇದ್ದರೆ ಅದು ಯುದ್ಧಕಾಲದ ನಿಕಲ್. 1942ರ ನಡುವಿನಿಂದ 1945ರವರೆಗೆ ನಿಕಲ್ ಲೋಹ ಯುದ್ಧದ ಕೆಲಸಕ್ಕೆ ಬೇಕಾಯಿತು. ಅದಕ್ಕೆ ತಾಮ್ರ 56, ಬೆಳ್ಳಿ 35, ಮ್ಯಾಂಗನೀಸ್ 9 ಪಾಲು ಬೆರೆಸಿದರು. ಐದು ಗ್ರಾಂ ನಾಣ್ಯದಲ್ಲಿ 1.75 ಗ್ರಾಂ ಬೆಳ್ಳಿ. ಫಿಲಡೆಲ್ಫಿಯಾ ಟಂಕಸಾಲೆ ತನ್ನ "ಪಿ" ಗುರುತನ್ನು ನಾಣ್ಯದ ಮೇಲೆ ಹಾಕಿದ್ದೂ ಆಗಲೇ ಮೊದಲು. ಇಂಥವು ಒಟ್ಟು ಹನ್ನೊಂದು ಬೇಕು. ನಮಗೆ ಹನ್ನೊಂದೂ ರೋಲಿನಲ್ಲೇ ಸಿಕ್ಕವು. ಕೊನೆಯದು 1943-ಡಿ. ಅದನ್ನು ಮಗಳು ಕಂಡಿದ್ದು, ಅವಳಿಗೆ ಆಗ ಹದಿಮೂರು.

ಇನ್ನೊಂದು ಮಾತು. 1964ರವರೆಗಿನ ಉಳಿದ ನಿಕಲ್‌ಗಳಲ್ಲಿ ಗುರುತು ಹಿಂಬದಿಯಲ್ಲಿ, ಮನೆಯ ಬಲಕ್ಕೆ ಇರುತ್ತದೆ. 1965ರಿಂದ 67ರವರೆಗೆ ಗುರುತೇ ಇಲ್ಲ. 1968ರಿಂದ ಮುಂಬದಿಗೆ ಬಂತು. 1970ರ ನಂತರದ "ಎಸ್" ನಿಕಲ್‌ಗಳನ್ನು ಸಂಗ್ರಹಕಾರರ ಸೆಟ್ಟಿಗಾಗಿ ಮಾತ್ರ ಮಾಡಿದ್ದು, ಅವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಡೆಮ್ಮೆ:
1944ರದ್ದು ಸಿಕ್ಕಿ ಗುಮ್ಮಟದ ಮೇಲೆ ಏನೂ ಇಲ್ಲದಿದ್ದರೆ ಎಸೆಯಬೇಡಿ. ಅದು ಖೋಟಾ ಇರಬಹುದು, ಆದರೆ ಹೆಸರಾದ ಖೋಟಾ. 1950ರ ದಶಕದಲ್ಲಿ ನ್ಯೂಜೆರ್ಸಿಯ ಹೆನ್ನಿಂಗ್ ಎಂಬಾತ ನಿಕಲ್‌ಗಳನ್ನೇ ನಕಲು ಮಾಡಿದ. ಐದು ಸೆಂಟಿನ ನಾಣ್ಯವನ್ನು ಯಾರೂ ತಿರುಗಿಸಿ ನೋಡುವುದಿಲ್ಲ ಅಂತ ಅವನ ಲೆಕ್ಕ. 1944ರದ್ದಕ್ಕೆ "ಪಿ" ಹಾಕುವುದನ್ನೇ ಮರೆತ. ನಾಣ್ಯ ಕೂಡಿಸುವವರು ಕಂಡುಹಿಡಿದರು.

ಸ್ಯಾನ್‌ಹೋಸೆ ಹೊಸಬ:
ಅಬ್ಬಾ! ಕಾಡೆಮ್ಮೆ ಅವರೇ, ನಿಮ್ಮ ಹೆಸರಿನ ನಾಣ್ಯವೂ ರೋಲಿನಲ್ಲಿ ಸಿಗುತ್ತದಾ?

ಕಾಡೆಮ್ಮೆ:
1913ರಿಂದ 1938ರ ಬಫಲೋ ನಿಕಲ್ (ಕಾಡೆಮ್ಮೆ ಚಿತ್ರದ್ದು) ಸಿಗುತ್ತದೆ, ಆದರೆ ಇಸವಿ ಸವೆದುಹೋಗಿರುತ್ತದೆ. ಇಸವಿ ಕೆತ್ತಿದ ಜಾಗ ಉಬ್ಬಿದೆ, ಮೊದಲು ಸವೆಯುವುದೇ ಅದು. ಫೆರಿಕ್ ಕ್ಲೋರೈಡ್ ಒಂದು ಹನಿ ಹಾಕಿದರೆ ಇಸವಿ ಮತ್ತೆ ಮೂಡುತ್ತದೆ. ಮೈ ಮೇಲೆ ಕಲೆ ಮಾತ್ರ ಉಳಿಯುತ್ತದೆ. ನಾನು ಹಾಕುವುದಿಲ್ಲ. ನೂರು ವರ್ಷ ಜನರ ಕೈಯಲ್ಲಿ ಸವೆದದ್ದು ಹಾಗೇ ಇರಲಿ.

ಹಳೇ ಕ್ಯಾಷಿಯರ್ (ಹುಬ್ಬಳ್ಳಿ, ಸದ್ಯ ಶಿಕಾಗೊದಲ್ಲಿ ಮಗನ ಮನೆ):
ನಾನು ಮೂವತ್ತು ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತವನು. ಒಂದು ಮಾತು ಹೇಳಲೇಬೇಕು. ನೀವು ಬಾಕ್ಸ್ ತರುತ್ತೀರಿ, ನೋಡುತ್ತೀರಿ, ವಾಪಸ್ ಕೊಡುತ್ತೀರಿ. ಆ ಕಡೆ ಕೂತವರಿಗೆ ಅದು ಎರಡು ಸಲದ ಕೆಲಸ. ತಂದ ಶಾಖೆಗೇ ವಾಪಸ್ ಸುರಿದರೆ ಮುಂದಿನ ಸಲ ನಿಮಗೆ ನೀವೇ ನೋಡಿದ ರೋಲ್ ಬರುತ್ತದೆ. ಮೊದಲೇ ಕೇಳಿ, ಎಣಿಸಿ, ರೋಲ್ ಸುತ್ತಿ ಕೊಡಿ. ದೀಪಾವಳಿಗೆ ಒಂದು ಡಬ್ಬ ಸಿಹಿ ಕೊಡಿ. ಬೇರೆ ಗಿರಾಕಿ ತಂದ ಹಳೇ ಡಬ್ಬಿಯ ಚಿಲ್ಲರೆಯನ್ನು ನಿಮಗಾಗಿ ಅವರೇ ಎತ್ತಿಡುತ್ತಾರೆ.

ಇನ್ನು ಕಾಯುವ ವಿಷಯ. ನಾನೂ ನಮ್ಮ ನಾಣ್ಯ ಕೂಡಿಸುತ್ತಿದ್ದೆ. ಇಸವಿಯ ಕೆಳಗೆ ವಜ್ರದ ಗುರುತು ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಾಲ್ಕಾಣೆಯಲ್ಲಿ ಕೆಲವು ಬಾಕಿ ಇದ್ದವು. ಚಿಲ್ಲರೆಯಲ್ಲಿ ಬರುತ್ತವೆ ಬಿಡು ಅಂತ ಸುಮ್ನೆ ಇದ್ದೆ. 2011ರ ಜೂನ್ 30ಕ್ಕೆ ನಾಲ್ಕಾಣೆ ಚಲಾವಣೆ ನಿಂತಿತು. ಕೊನೆಯ ದಿನಗಳಲ್ಲಿ ಜನ ಚೀಲದಲ್ಲಿ ತಂದು ಕೊಟ್ಟರು. ನಾನೇ ಎಣಿಸಿ ಒಳಗೆ ಕಳಿಸಿದೆ. ಗುರುತು ನೋಡುವಷ್ಟು ಪುರುಸೊತ್ತು ಸಿಗಲಿಲ್ಲ. ಇವತ್ತಿಗೂ ಆ ಜಾಗ ಖಾಲಿ. ಕೊಂಡು ತರುವುದು ಅವಮಾನ ಅಲ್ಲ, ತಮ್ಮಾ.

ಡೆನ್ವರ್ ಅಕ್ಕ:
ಸರ್ ಹೇಳಿದ್ದು ಇಲ್ಲಿಗೂ ಹತ್ತಿರದ ಮಾತು. 2025ರ ನವೆಂಬರಿನಲ್ಲಿ ಚಲಾವಣೆಯ ಕೊನೆಯ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಟಂಕಿಸಿದರು. 2024ರ ಲೆಕ್ಕದಲ್ಲಿ ಒಂದು ನಿಕಲ್ ಮಾಡಲು ತಗುಲಿದ ಖರ್ಚು 13.78 ಸೆಂಟ್. ಐದು ಸೆಂಟಿನ ನಾಣ್ಯಕ್ಕೆ! ಹೆಸರು ನಿಕಲ್ ಆದರೂ ಅದರಲ್ಲಿ ಮುಕ್ಕಾಲು ಪಾಲು ತಾಮ್ರ. ಇದು ಎಷ್ಟು ದಿನ ನಡೆಯುತ್ತದೆ ಅಂತ ನನಗೆ ಚಿಂತೆ. ಹೊಸಬರಿಗೆ ಹೇಳುತ್ತೇನೆ, 2009ರದ್ದು ಕಂಡರೆ ಬಿಡಬೇಡಿ. ಆರ್ಥಿಕ ಹಿಂಜರಿತದ ವರ್ಷ, ಚಿಲ್ಲರೆಗೆ ಬೇಡಿಕೆಯೇ ಇರಲಿಲ್ಲ. ಎರಡೂ ಟಂಕಸಾಲೆ ಸೇರಿ ಒಂಬತ್ತು ಕೋಟಿ ಕೂಡ ದಾಟಲಿಲ್ಲ.

ಡಬ್ಬಿಯ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನ ಖಾತೆ ಪಕ್ಕದಲ್ಲೇ ನನ್ನದೂ ಶುರು ಮಾಡಿದೆ. ನನ್ನ ಕನ್ನಡ ತಪ್ಪಿದ್ದರೆ ತಿದ್ದಿ. ಕೊಳ್ಳೋಣ ಅಂದಿದ್ದು ಆತುರಕ್ಕಲ್ಲ. ನಾನು ಹೋದ ಮೇಲೆ ಅಪ್ಪ ಒಬ್ಬರೇ ಮೇಜಿನ ಮುಂದೆ ಕೂತು ರೋಲ್ ಬಿಚ್ಚುವುದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ. ಇಬ್ಬರೂ ಇರುವಾಗಲೇ ಮುಗಿಯಲಿ ಅಂತ.

ಕಾಡೆಮ್ಮೆ:
ಪುಟ್ಟಿ, ನಿನ್ನ ಕನ್ನಡ ಚೆನ್ನಾಗಿದೆ. ನಾನು ನಿಯಮದ ಬಗ್ಗೆ ಅಂದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನಿಯಮ ಮಾಡಿದವರು ನೀವಿಬ್ಬರು, ಬದಲಿಸುವವರೂ ನೀವೇ. ಆದರೆ ಹೋಗುವ ಊರಲ್ಲೂ ಬ್ಯಾಂಕ್ ಇರುತ್ತದೆ ಅಲ್ವಾ? ನೀನೂ ಅಲ್ಲಿ ರೋಲ್ ಬಿಚ್ಚಬಹುದು.

ಚಿಲ್ಲರೆ ಡಬ್ಬಿ:
ಅವಳು ಹೀಗೆ ಯೋಚಿಸುತ್ತಿದ್ದಾಳೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ರಾತ್ರಿ ಇಬ್ಬರೂ ಕೂತು ಮಾತಾಡಿದೆವು. 1950-ಡಿ ಕೊಳ್ಳುತ್ತೇವೆ. ಡೆನ್ವರ್ ಅಕ್ಕ ಕೊಟ್ಟ ಕಾರಣ ನನಗೆ ಒಪ್ಪಿಗೆ. ಕುಳಿಯ ಪಕ್ಕದಲ್ಲಿ ಪೆನ್ಸಿಲ್‌ನಿಂದ "ಕೊಂಡದ್ದು" ಅಂತ ಬರೆಯುತ್ತೇವೆ. ಉಳಿದೆರಡನ್ನು ಹುಡುಕುತ್ತೇವೆ, ಅವಳು ಕಾಲೇಜಿನ ಊರಲ್ಲಿ, ನಾನು ಇಲ್ಲಿ. ಅಕ್ಕ, ನೀವೂ ಒಂದು ಕಣ್ಣಿಡಿ. ನಿಮ್ಮ ಕಡೆ ಡಿ ಗುರುತಿನ ನಾಣ್ಯ ಜಾಸ್ತಿ.

ಡೆನ್ವರ್ ಅಕ್ಕ:
ಖಂಡಿತ. ಆದರೆ ನನಗೆ ಸಿಕ್ಕದ್ದನ್ನು ನಿಮಗೆ ಕಳಿಸಿದರೆ ಅದು ನಿಮ್ಮ ಲೆಕ್ಕಕ್ಕೆ ಬರುತ್ತದಾ?

ಡಬ್ಬಿಯ ಮಗಳು:
ಐದು ಸೆಂಟ್ ಕೊಟ್ಟು ತೆಗೆದುಕೊಂಡರೆ ಅದೂ ಚಿಲ್ಲರೆಯೇ, ಆಂಟಿ. ಶನಿವಾರಕ್ಕೆ ಒಂದು ಬಾಕ್ಸ್ ಹೇಳಿಟ್ಟಿದ್ದೇವೆ. 39-ಡಿ ಕಂಡರೆ ಫೋಟೋ ಮೊದಲು ಇಲ್ಲಿಗೇ ಹಾಕುತ್ತೇನೆ.