ಪದಚರ್ಚೆ: ಅಸ್ಟಿಲ್ಬೆಗೆ ಬೋರ್ಡಲ್ಲಿ ಏನಂತ ಬರೆಸೋದು? (ಅರ್ಜೆಂಟು)

ಮಡಿಕೇರಿಯಿಂದ:
ಎಲ್ರಿಗೂ ನಮಸ್ಕಾರ. ನಮ್ಮ ಹೋಂಸ್ಟೇ ಹಿಂದಿನ ಗಿಡಗಳಿಗೆ ಕನ್ನಡದಲ್ಲೇ ಬೋರ್ಡ್ ಹಾಕಿಸ್ತಾ ಇದೀನಿ, ಬರೆಯೋರು ನಾಳೆ ಬೆಳಿಗ್ಗೆನೇ ಬರ್ತಾರೆ. ಹೈಡ್ರಾಂಜಿಯ, ಆಂಥೂರಿಯಂ ಎಲ್ಲ ಆಯ್ತು, ಅಸ್ಟಿಲ್ಬೆ ಒಂದು ಉಳ್ಕೊಂಡಿದೆ. ಎಲೆ ನೋಡಿದ್ರೆ ಜರೀಗಿಡ ಅನ್ಸುತ್ತೆ, ನಡುವಿಂದ ಕಡ್ಡಿ ಎದ್ದು ತುದೀಲಿ ಸಾಸಿವೆಯಷ್ಟು ಸಣ್ಣ ಹೂವೆಲ್ಲ ಒತ್ತಾಗಿ ಸೇರಿ ಗರಿ ಥರ ನಿಲ್ಲುತ್ತೆ. ಜೊತೆಗೆ ಬಂದ ಚೀಟಿಯಲ್ಲಿ ಇಂಗ್ಲಿಷ್ ಹೆಸರು 'ಸುಳ್ಳು ಮೇಕೆಗಡ್ಡ' ಅನ್ನೋ ಅರ್ಥದ್ದು. ಇನ್ನೊಂದು, ಅದ್ರಲ್ಲೇ ಮಣ್ಣಲ್ಲಿ ಯಾವಾಗ್ಲೂ ತೇವ ಇರಬೇಕು ಆದ್ರೆ ನೀರು ನಿಲ್ಲಬಾರದು ಅಂತ ಉದ್ದಕ್ಕೆ ಇದೆ, ಅದಕ್ಕೆ ಒಂದೇ ಪದ ಬೇಕು. ಬೋರ್ಡ್ ಅಗಲ ಒಂದಡಿ ಅಷ್ಟೇ.

ಕುಶಾಲನಗರದಿಂದ:
ಹುಸಿ ಆಡುಗಡ್ಡ. ಇದಕ್ಕೆ ಚರ್ಚೆ ಯಾಕೆ? 'ಸ್ಟಿ', 'ಲ್ಬೆ' ಇವೆಲ್ಲ ನಮ್ಮ ನಾಲಿಗೆಯ ಒತ್ತುಗಳೇ ಅಲ್ಲ.

ವಿರಾಜಪೇಟೆಯಿಂದ:
ಆಡುಗಡ್ಡ ಅಂತ ಬರೆಸಿ ನೋಡಿ, ಬಂದೋರೆಲ್ಲ ಆಲೂಗಡ್ಡೆ ಅಂತ ಓದ್ಕೊಂಡು ಮುಂದೆ ಹೋಗ್ತಾರೆ. ಮೂಲ ಹಿಡೀಬೇಕು ಸ್ವಾಮಿ. ಗ್ರೀಕಲ್ಲಿ 'ಅ' ಅಂದ್ರೆ ಇಲ್ಲ, 'ಸ್ಟಿಲ್ಬೆ' ಅಂದ್ರೆ ಹೊಳಪು. ನಮ್ಮ ಅಜ್ಞಾನ, ಅಶಾಂತಿಯ 'ಅ'ನೂ ಅದೂ ಒಂದೇ ಬೇರಿಂದ ಬಂದಿದ್ದು. ಹೆಸರಿಟ್ಟೋನು ಬೇರೆ ಯಾರೂ ಅಲ್ಲ, 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಆಮೇಲೆ ನೇಪಾಳಕ್ಕೆ ಹೋದ, ಅವನಿಟ್ಟ ಈ ಹೆಸರನ್ನ 1825ರಲ್ಲಿ ಡೇವಿಡ್ ಡಾನ್ ಅನ್ನೋ ಸಸ್ಯಶಾಸ್ತ್ರಿ ಅಚ್ಚು ಹಾಕಿಸಿದ. ಹಾಗಾಗಿ 'ಅಪ್ರಭೆ' ಅನ್ನೋದೇ ಸರಿ.

ಕುಶಾಲನಗರದಿಂದ:
ಇಂಗ್ಲಿಷ್ ಸಾಲ ಬೇಡ ಅಂದ್ರೆ ಸಂಸ್ಕೃತದ ಸಾಲ ತಗೊಳ್ಳಿ ಅಂತೀರಲ್ಲ. ಅಪ್ರಭೆ ಅಂದ್ರೆ ನಮ್ಮ ತೋಟದ ಆಳುಗಳಿಗೆ ಏನು ಗೊತ್ತಾಗುತ್ತೆ? 'ಗರಿಹೂ' ಅನ್ನಿ.

ವಿರಾಜಪೇಟೆಯಿಂದ:
ಸಾಲದ ಲೆಕ್ಕ ತೆಗೆದ್ರೆ ನಿಮ್ಮ ಮನೆ ಚಾವಿ ಪೋರ್ಚುಗೀಸರಿಗೆ ವಾಪಸ್ ಕೊಡಬೇಕಾಗುತ್ತೆ. ಗುಲಾಬಿ ಪಾರಸಿ. ಕೊಡ್ತೀರಾ?

ಸೋಮವಾರಪೇಟೆಯಿಂದ:
ಅಕ್ಕ, ಅಸ್ಟಿಲ್ಬೆ ಅಂತಲೇ ಬರೆಸಿ. ಎಕಾರದಲ್ಲಿ ಮುಗಿಯೋದ್ರಿಂದ ಮಲ್ಲಿಗೆ, ಸಂಪಿಗೆ ಸಾಲಲ್ಲಿ ತಾನಾಗೇ ಕೂರುತ್ತೆ, ಅಸ್ಟಿಲ್ಬೆಯ, ಅಸ್ಟಿಲ್ಬೆಗೆ, ಎಲ್ಲೂ ತೊಡಕಿಲ್ಲ. ಕೆಲವರು ಬರೆಯೋ 'ಅಸ್ಟಿಲ್ಬಿ'ಗಿಂತ ಇದೇ ಮೂಲಕ್ಕೂ ಹತ್ತಿರ. ಹುಸಿ ಅನ್ನೋಕೆ ಮೊದ್ಲು ನಿಜದ್ದನ್ನ ನೋಡಿರಬೇಕಲ್ಲ, ಆ ಅಸಲಿ ಮೇಕೆಗಡ್ಡ ಅರಂಕಸ್ ಅಂತ, ಗುಲಾಬಿ ಕುಟುಂಬದ್ದು, ನಮ್ಮೂರ ಕಡೆ ಯಾರ ಅಂಗಳದಲ್ಲೂ ನಾನು ಕಂಡಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಇಬ್ಬರೂ ಕೈ ಹಾಕಲೇ ಇಲ್ಲ, ನಂಗೆ ಬೇಜಾರಾಗಿದ್ದು ಅದಕ್ಕೇ. ಗಿಡ ಬದುಕೋದು ಅದ್ರಿಂದ. ಪದ ನಮ್ಮಲ್ಲೇ ಇದೆ: ಹದ. ಹಸಿ ಬೇರೆ, ಜೌಗು ಬೇರೆ. ಮುಷ್ಟೀಲಿ ಹಿಡಿದ್ರೆ ಮಣ್ಣು ಉಂಡೆ ಕಟ್ಟಬೇಕು, ಬೆರಳ ಸಂದೀಲಿ ನೀರು ಇಳೀಬಾರದು, ತಟ್ಟಿದ್ರೆ ಉದುರಬೇಕು, ಅದು ಹದ. ನಾನು ಎರಡು ಚಟ್ಟೀಲಿ ಇಟ್ಟಿದ್ದೆ. ಮಾರ್ಚಲ್ಲಿ ಮದುವೆಗೆ ಅಂತ ಹೋಗಿ ಎರಡು ದಿನ ನೀರು ತಪ್ಪಿತು, ಬಂದು ನೋಡಿದ್ರೆ ಒಂದರ ಎಲೆ ಅಂಚೆಲ್ಲ ಕಂದು ತಿರುಗಿ ಹಪ್ಪಳದ ಹಾಗೆ, ಮುಟ್ಟಿದ್ರೆ ಪುಡಿ. ಇನ್ನೊಂದು ಕಕ್ಕಡದ (ಆಟಿ ತಿಂಗಳ) ಮಳೇಲಿ ಸೂರಿನ ಹೊರಗೇ ಉಳೀತು, ಚಟ್ಟಿ ತಳದ ತೂತು ಕಟ್ಟಿ ನೀರು ನಿಂತು ಬೇರುಗಡ್ಡೆ ಕೊಳೆತೇ ಹೋಯ್ತು. ಎರಡೂ ಹದ ತಪ್ಪಿ ಹೋದದ್ದು. ನೆಲದಲ್ಲಿ ಆದ್ರೆ ಎಲೆಗೊಬ್ಬರ ಕೊಟ್ಟು ಬುಡಕ್ಕೆ ದರಗು ಮುಚ್ಚಿದ್ರೆ ಇಷ್ಟು ತಾಪತ್ರಯ ಇಲ್ಲ, ಚಟ್ಟಿ ಬೇಗ ಒಣಗುತ್ತೆ. ಮತ್ತೆ ಅದು ಚಳಿ ದೇಶದ ಗಿಡ, ಚಳಿಗಾಲದಲ್ಲಿ ಮೇಲಿಂದೆಲ್ಲ ಒಣಗಿ ಬೇರು ಮಲಗಬೇಕು, ನಮ್ಮ ಚಳಿ ಅದಕ್ಕೆ ಸಾಲದು. ಹೂ ಕಮ್ಮಿ ಬಂತು ಅಂತ ಗೊಬ್ಬರ ಸುರೀಬೇಡಿ.

ನೆರಳು ಎಷ್ಟು ಬೇಕು ಅಂತಲೂ ಬರೆಸಿ. ಅದಕ್ಕೆ 'ಅರೆನೆರಳು' ಅಂತ ಪುಸ್ತಕದ ಪದ ಯಾಕೆ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯೋದು) ಆದ ಕಾಫಿ ತೋಟದ ನೆರಳು ಎಷ್ಟು ಅಂತ ಇಲ್ಲಿ ಮಕ್ಕಳಿಗೂ ಗೊತ್ತು.

ಕುಶಾಲನಗರದಿಂದ:
ಹದ ಒಪ್ಪಿದೆ. ಅಸ್ಟಿಲ್ಬೆ ಒಪ್ಪಲ್ಲ.

ಮಡಿಕೇರಿಯಿಂದ:
ಬೋರ್ಡ್ ಆಯ್ತು. ಮೇಲೆ 'ಅಸ್ಟಿಲ್ಬೆ', ಕೆಳಗೆ 'ಕಾಫಿ ತೋಟದ ನೆರಳು, ಮಣ್ಣು ಸದಾ ಹದ'. 'ಲ್ಬೆ' ಒತ್ತಿಗೆ ಜಾಗ ಸಾಲದೆ ಕೆಳಗಿನ ಸಾಲನ್ನ ಒಂದಿಂಚು ಇಳಿಸಿ ಬರೆದ್ರು. ಸೋಮವಾರಪೇಟೆ ಅಣ್ಣ, ಈಗಲೇ ಹೋಗಿ ನಮ್ಮ ಚಟ್ಟಿ ಎತ್ತಿ ನೋಡ್ದೆ, ತಳದ ತೂತು ಅರ್ಧ ಕಟ್ಟಿತ್ತು.