ಬೈಕ್ ಟ್ಯಾಂಕ್ ಒಳಗಿನ ತುಕ್ಕು, ಲೇಪ: 'ರೀಲೈನಿಂಗ್'ಗೆ ಏನನ್ನೋಣ, 'ಕ್ಯೂರಿಂಗ್'ಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಹಳೇ ಮೋಟರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕ್ ಒಳಗಡೆ ತುಕ್ಕು ಹಿಡಿದಿದ್ರೆ ಅದನ್ನ ಬಿಡಿಸಿ, ತೊಳೆದು, ಒಳಮೈಗೆ ಹೊಸದಾಗಿ ಕೋಟಿಂಗ್ ಹಾಕೋದು ಹೇಗೆ ಅಂತ ಕನ್ನಡದಲ್ಲಿ ಬರೀತಾ ಇದೀನಿ. ಕೆಲಸದ ವಿವರ ಎಲ್ಲಾ ಇದೆ, ಪದಗಳ ಹತ್ರ ಬಂದು ನಿಂತಿದೆ. ಟ್ಯಾಂಕ್, ಪೆಟ್ರೋಲ್, ಕಾರ್ಬುರೇಟರ್ ಹಾಗೇ ಇರ್ಲಿ, ಅದ್ರ ಬಗ್ಗೆ ತಕರಾರಿಲ್ಲ. ನಾನು ಕೇಳ್ತಿರೋದು ಮಾಡೋ ಕೆಲಸದ ಪದಗಳು, ಯಾಕಂದ್ರೆ ಇಲ್ಲಿ ತಪ್ಪು ಪದ ಹಾಕಿದ್ರೆ ಓದಿದವರ ಕೈ ತಪ್ಪು ಕಡೆ ಹೋಗತ್ತೆ.

ಒಳಮೈಗೆ ಹೊಸ ಲೇಪ ಹಾಕೋ ಈ ಕೆಲಸಕ್ಕೆ ಇಂಗ್ಲಿಷಲ್ಲಿ ರೀಲೈನಿಂಗ್ ಅಂತಾರೆ. ಗ್ಯಾರೇಜಲ್ಲಿ ಸುಮ್ನೆ 'ಕೋಟಿಂಗ್' ಅಂತಾರೆ, ಆದ್ರೆ ಹೊರಗಿನ ಪೇಂಟೂ ಕೋಟಿಂಗೇ ಆಗೋದ್ರಿಂದ ಬರಹದಲ್ಲಿ ಅದು ಸಾಲಲ್ಲ. ಗೆಳೆಯರೊಬ್ರು 'ಒಳಕಲಾಯಿ' ಅನ್ನಿ ಅಂದ್ರು. ಕಿವಿಗೆ ಬಹಳ ಚೆನ್ನಾಗಿದೆ, ಅರ್ಥಾನೂ ಹತ್ರ ಇದೆ, ಹಳೇ ಕಾರುಗಳ ಟ್ಯಾಂಕಿನ ತಗಡಿಗೆ ಕಾರ್ಖಾನೆಯಲ್ಲೇ ಸೀಸ-ತವರದ ಲೇಪ ಇರ್ತಿತ್ತು, ಅದನ್ನ ಕಲಾಯಿ ಅಂದ್ರೆ ಸರೀನೇ. ಆದ್ರೂ ನಾನು ಒಪ್ಪಲ್ಲ. ಕಲಾಯಿ ಅಂದ ತಕ್ಷಣ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಕರಗಿಸಿ ಒರೆಸೋದು ಕಣ್ಮುಂದೆ ಬರತ್ತೆ, ಅಂದ್ರೆ ಬೆಂಕಿ. ತವರ ಕರಗೋದೇ 232 ಡಿಗ್ರಿ ಸೆಲ್ಸಿಯಸ್ಸಲ್ಲಿ. ಪೆಟ್ರೋಲ್ ಟ್ಯಾಂಕಿಗೆ ಯಾರಾದ್ರೂ ಹಾಗೆ ಬೆಂಕಿ ಹಿಡಿದ್ರೆ ಜೀವಕ್ಕೇ ಅಪಾಯ. ಪೆಟ್ರೋಲ್ ಆವಿ ಗಾಳಿಯಲ್ಲಿ ಹೆಚ್ಚುಕಮ್ಮಿ 1.4 ರಿಂದ 7.6 ಪರ್ಸೆಂಟ್ ಬೆರೆತಿದ್ರೆ ಒಂದು ಕಿಡಿ ಸಾಕು. ತುಂಬಿರೋ ಟ್ಯಾಂಕಲ್ಲಿ ಗಾಳಿಗೆ ಜಾಗ ಕಮ್ಮಿ, ಬರೀ ಆವಿ ಇರೋ ಟ್ಯಾಂಕೇ ಹೆಚ್ಚು ಅಪಾಯ.

ಇದೇ ಕಾರಣಕ್ಕೆ 'ಖಾಲಿ' ಅನ್ನೋ ಪದದ ಮೇಲೂ ನನಗೆ ಅನುಮಾನ. 'ಟ್ಯಾಂಕ್ ಖಾಲಿ ಮಾಡಿ' ಅಂತ ಬರೆದ್ರೆ ಓದುಗ ಪೆಟ್ರೋಲ್ ಸುರಿದುಬಿಟ್ಟು ಖಾಲಿ ಆಯ್ತು ಅಂದ್ಕೋತಾನೆ, ಒಳಗೆ ಆವಿ ತುಂಬಿರೋದು ಅವನ ಲೆಕ್ಕಕ್ಕೆ ಬರಲ್ಲ. ಹಾಗಾಗಿ 'ಬಸಿದು, ಸೋಪ್ ನೀರು ತುಂಬಿಸಿ ಚೆಲ್ಲಿ, ಆವಿ ಹೋಗೋ ತನಕ ಗಾಳಿಗಿಡಿ' ಅಂತ ಉದ್ದಕ್ಕೇ ಬರೆದಿದೀನಿ. ಇದಕ್ಕೆ ಚಿಕ್ಕದಾಗಿ ಹೇಳೋ ಮಾತು ಇದ್ರೆ ಕೊಡಿ, ಆದ್ರೆ ಆವಿ ಅನ್ನೋದು ಬಿಟ್ಟುಹೋಗಬಾರದು.

ತುಕ್ಕಿನ ಪದಗಳಲ್ಲಿ ಅಷ್ಟು ಕಷ್ಟ ಇಲ್ಲ. ಕೆಲವರು ತುಕ್ಕು, ಕಿಲುಬು, ಜಂಗು ಮೂರನ್ನೂ ಒಂದೇ ಅಂತ ಬಳಸ್ತಾರೆ. ಜಂಗು-ತುಕ್ಕು ಒಂದೇ, ಆಡುವ ಕಡೆ ಬೇರೆ ಅಷ್ಟೆ. ಕಿಲುಬನ್ನ ಮಾತ್ರ ದಯವಿಟ್ಟು ಕಬ್ಬಿಣಕ್ಕೆ ಅಂಟಿಸಬೇಡಿ, ಅದು ತಾಮ್ರ ಹಿತ್ತಾಳೆಯದ್ದು. ಈ ಬರಹದಲ್ಲೇ ಎರಡೂ ಬೇಕಾಗತ್ತೆ: ಟ್ಯಾಂಕಿನ ಉಕ್ಕಿಗೆ ತುಕ್ಕು, ಕಾರ್ಬುರೇಟರ್ ಒಳಗಿನ ಹಿತ್ತಾಳೆ ಜೆಟ್ಟಿಗೆ ಹಸಿರು ಕೂತಿದ್ರೆ ಕಿಲುಬು. ತುಕ್ಕಿನ ಒಳಗೇನೇ, ಬಿಟ್ಟುಕೊಂಡು ಏಳೋ ಚೂರಿಗೆ 'ಹಕ್ಕಳೆ', ಲೋಹ ತಿಂದುಹೋಗಿ ಆದ ಗುಂಡಿಗೆ 'ಕುಳಿ' ಅಂತ ಹಾಕಿದೀನಿ. ನಿಂತ ಪೆಟ್ರೋಲ್ ಹಳಸಿ ಅಂಟಂಟಾಗಿರೋದಕ್ಕೆ 'ಮಡ್ಡಿ', ಅಡಿಯಲ್ಲಿ ಕೂರೋ ಕೆಂಪು ಪುಡಿಗೆ 'ಗಸಿ'. ಅರ್ಧ ತುಂಬಿದ ಟ್ಯಾಂಕ್ ತಿಂಗಳಾನುಗಟ್ಟಲೆ ನಿಂತ್ರೆ ಮೇಲಿನ ಗಾಳಿಯ ತೇವ ಹನಿಯಾಗಿ ಇಳಿಯತ್ತೆ, ನೀರು ಪೆಟ್ರೋಲಿಗಿಂತ ಭಾರ ಆದ್ರಿಂದ ತಳಕ್ಕೆ ಹೋಗಿ ಕೂರತ್ತೆ, ಕಾಕಿನ (ಪೆಟ್ರೋಲ್ ಬಿಡೋ ನಲ್ಲಿಯ) ಕೊಳವೆ ತಳಕ್ಕಿಂತ ಸ್ವಲ್ಪ ಮೇಲೆ ನಿಂತಿರೋದ್ರಿಂದ ಆ ನೀರು ಎಂಜಿನ್ನಿಗೂ ಹೋಗಲ್ಲ, ಅಲ್ಲೇ ಕೂತು ತಗಡು ತಿನ್ನತ್ತೆ. ಎಥನಾಲ್ ಬೆರೆತ ಪೆಟ್ರೋಲಾದ್ರೆ ನೀರನ್ನ ಇನ್ನೂ ಹೆಚ್ಚು ಹೀರ್ಕೊಳತ್ತೆ, ಒಂದು ಮಿತಿ ದಾಟಿದ್ಮೇಲೆ ಎಥನಾಲೂ ನೀರೂ ಒಟ್ಟಿಗೆ ಬೇರೆಯಾಗಿ ಕೆಳಗಿಳಿಯತ್ತೆ.

ನಿಜವಾದ ತೊಡಕು ಕ್ರಿಯಾಪದಗಳಲ್ಲಿ. ತಿಕ್ಕು, ಉಜ್ಜು, ಬೆಳಗು, ಕೆರೆ, ಒರೆಸು, ನಮ್ಮ ಶುಚಿ ಮಾಡೋ ಪದಗಳಲ್ಲಿ ಮುಕ್ಕಾಲು ಪಾಲು ಕೈ ಆಡಿಸೋ ಪದಗಳು. ಬೈಕ್ ಟ್ಯಾಂಕಿನ ಬಾಯಲ್ಲಿ ಕೈ ತೂರಲ್ಲ. ಹಾಗಾಗಿ 'ತುಕ್ಕು ತಿಕ್ಕಿ ತೆಗೀರಿ' ಅಂತ ಬರೆದ್ರೆ ಓದುಗನಿಗೆ ಹೇಗೆ ಅಂತಾನೇ ತಿಳಿಯಲ್ಲ. ಇಲ್ಲಿ ಕೆಲಸ ಮಾಡೋದು ಕುಲುಕು, ನೆನೆಹಾಕು, ಗಲಬರಿಸು, ಹೊರಳಿಸು. ನಟ್ಟುಗಳನ್ನೋ ತುಂಡು ಚೈನನ್ನೋ ಒಳಗೆ ಹಾಕಿ ಕುಲುಕಿದ್ರೆ ಹಕ್ಕಳೆ ಉದುರತ್ತೆ, ಉಳಿದಿದ್ದಕ್ಕೆ ವಿನಿಗರ್ ಅಥವಾ ಸಿಟ್ರಿಕ್ ಆಸಿಡ್ ತುಂಬಿಸಿ ನೆನೆಹಾಕೋದು, ಆಮೇಲೆ ಅಡುಗೆ ಸೋಡಾ ನೀರಲ್ಲಿ ಗಲಬರಿಸಿ ಹುಳಿ ಕಳೆಯೋದು. ಗಲಬರಿಸು ಅನ್ನೋದು ಎಷ್ಟು ಸೊಗಸಾದ ಪದ ನೋಡಿ, ಬಾಯಿ ಚಿಕ್ಕದಿರೋ ಪಾತ್ರೆಗೆ ನೀರು ಹಾಕಿ ಅಲ್ಲಾಡಿಸಿ ಚೆಲ್ಲೋದು ಅಂತ ಒಂದೇ ಮಾತಲ್ಲಿ ಮುಗೀತು, 'ತೊಳೆ' ಅಂತ ಬರೆದು ಅದನ್ನ ಕಳ್ಕೊಳ್ಳೋದು ಬೇಡ. ಎಲ್ಲಾ ಕಡೆ ಈ ಪದ ಗೊತ್ತಿದೆಯಾ, ಅಲಬು ಅಥವಾ ಜಾಲಾಡಿಸು ಅನ್ನೋರಿಗೆ ಅರ್ಥ ಆಗತ್ತಾ, ಹೇಳಿ.

ಫಾಸ್ಫಾರಿಕ್ ಆಸಿಡ್ ಬಳಸಿದ್ರೆ ಉಕ್ಕಿನ ಮೇಲೆ ತೆಳು ಐರನ್ ಫಾಸ್ಫೇಟ್ ಉಳಿಯತ್ತೆ, ಅದು ಸ್ವಲ್ಪ ಹೊತ್ತು ಕಾಪಾಡತ್ತೆ. ವಿನಿಗರ್, ಸಿಟ್ರಿಕ್ ಆಸಿಡ್ಡಲ್ಲಿ ಹಾಗಿಲ್ಲ, ನೀರು ಚೆಲ್ಲಿ ಸ್ವಲ್ಪ ಹೊತ್ತಿಗೆ ಬೆತ್ತಲೆ ಉಕ್ಕಿನ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಓಡಿಬಿಡತ್ತೆ. ಇಂಗ್ಲಿಷಲ್ಲಿ ಫ್ಲಾಶ್ ರಸ್ಟ್ ಅಂತಾರಲ್ಲ, ಅದು. 'ಮರುತುಕ್ಕು' ಅಂತ ಒಬ್ರು ಬರೆದಿದ್ದು ನೋಡಿದೆ, ಅದನ್ನ ಓದಿದ್ರೆ ಹಳೇದೇ ಸರಿಯಾಗಿ ಹೋಗಿಲ್ಲ ಅನ್ಸತ್ತೆ, ಮತ್ತೆ ಆಸಿಡ್ ಹಾಕಕ್ಕೆ ಹೊರಡ್ತಾರೆ. ಇದು ಹೊಸದು. ನಾನು 'ಹಸಿತುಕ್ಕು' ಅಂತಿದೀನಿ, ಒದ್ದೆ ಇದ್ದಾಗ ಬರೋದು ಅನ್ನೋದೂ ಬಂತು, ಈಗಷ್ಟೇ ಬಂದಿದ್ದು ಅನ್ನೋದೂ ಬಂತು.

ಈಗ ರೀಲೈನಿಂಗ್. ಲೇಪಕ್ಕೂ ಅದೇ ಕೈಯ ಸಮಸ್ಯೆ: ಬಳಿ, ಹಚ್ಚು, ಸಾರಿಸು, ಪೂಸು ಎಲ್ಲಕ್ಕೂ ಕೈಯೋ ಬ್ರಶ್ಶೋ ಬೇಕು. ಇಲ್ಲಿ ಎಪಾಕ್ಸಿಯನ್ನ (ಎರಡು ಡಬ್ಬಿಯದ್ದು ಬೆರೆಸಿದ್ರೆ ಗಟ್ಟಿಯಾಗೋ ಲೇಪ) ಒಳಗೆ ಸುರಿದು, ತೂತುಗಳನ್ನೆಲ್ಲಾ ಮುಚ್ಚಿ, ಟ್ಯಾಂಕನ್ನೇ ನಿಧಾನಕ್ಕೆ ಎಲ್ಲಾ ಮಗ್ಗುಲಿಗೂ ಹೊರಳಿಸಿ, ಮಿಕ್ಕಿದ್ದನ್ನ ಬಸಿದುಬಿಡೋದು. ಬಸಿಯದೇ ಬಿಟ್ರೆ ತಳದಲ್ಲಿ ದಪ್ಪಗೆ ನಿಂತು, ಹೊರಗೆ ಗಟ್ಟಿ ಒಳಗೆ ಮೆತ್ತಗೆ ಆಗತ್ತೆ. ದರ್ಜಿಗಳ 'ಅಸ್ತರು' ನೋಡಿದೆ, ಅದು ಒಳಗೆ ಇರೋದು ಹೌದು, ಆದ್ರೆ ಬೇರೆ ಬಟ್ಟೆ ತಂದು ಹೊಲೆಯೋದು. ನನಗೆ ಮನಸ್ಸಿಗೆ ಬಂದಿದ್ದು 'ಒಳಪೊರೆ', ಕ್ರಿಯಾಪದ 'ಒಳಪೊರೆ ಕಟ್ಟಿಸು'. ಕೆನೆ ಕಟ್ಟತ್ತೆ, ಪಾಚಿ ಕಟ್ಟತ್ತೆ ಅಂತೀವಲ್ಲ, ತಾನಾಗೇ ಮೈಗೆ ಕೂರೋದಕ್ಕೆ 'ಕಟ್ಟು' ನಮ್ಮಲ್ಲಿ ಇದ್ದೇ ಇದೆ. ಪೊರೆ ಅಂದ್ರೆ ಕಾಪಾಡು ಅಂತಾನೂ ಇದೆ. ಪೊರೆ ಕಳಚೋ ವಸ್ತು ತಾನೇ, ಹಾವಿನ ಪೊರೆ ಹಾಗೆ, ಅಂತ ಆಕ್ಷೇಪ ಬರಬಹುದು. ಅದೂ ನಿಜಾನೇ ಹೇಳತ್ತೆ: ಎಣ್ಣೆ ಪಸೆ ಉಳಿದ ಮೈ ಮೇಲೆ ಕಟ್ಟಿಸಿದ್ರೆ ಅದು ಹಾಳೆ ಹಾಳೆಯಾಗಿ ಕಳಚಿಕೊಂಡು ಕಾಕಿಗೆ ಅಡ್ಡ ಕೂರತ್ತೆ, ಎಥನಾಲ್ ತಡೆಯದ ಹಳೇ ಸೀಲರುಗಳೂ (ಒಳಲೇಪಗಳೂ) ಹಾಗೇ ಎದ್ದಿವೆ.

ಒಳಪೊರೆಯಿಂದ ಎಷ್ಟು ದೊಡ್ಡ ತೂತು ಮುಚ್ಚತ್ತೆ ಅನ್ನಕ್ಕೆ ಮಾತ್ರ ನಮ್ಮ ಹತ್ರ ಇಂಗ್ಲಿಷಿಗಿಂತ ಒಳ್ಳೇ ಪದಗಳಿವೆ. ಜಿನುಗೋದು, ಒಸರೋದು ಆದ್ರೆ ಮುಚ್ಚತ್ತೆ, ಸೋರೋದಾದ್ರೆ ಮುಚ್ಚಲ್ಲ, ಬಿರುಕನ್ನ ಬಲ್ಲವರ ಹತ್ರ ಮೊದಲು ರಿಪೇರಿ ಮಾಡಿಸ್ಬೇಕು.

ಕೊನೇದು 'ಕ್ಯೂರಿಂಗ್', ಅಂದ್ರೆ ಹಾಕಿದ ಲೇಪ ಪೂರ್ತಿ ಗಟ್ಟಿಯಾಗೋದು, ಇದೇ ನನ್ನ ಮುಖ್ಯ ಪ್ರಶ್ನೆ. ಕಟ್ಟಡದ ಕೆಲಸ ಗೊತ್ತಿರೋರಿಗೆ ಕ್ಯೂರಿಂಗ್ ಅಂದ್ರೆ ನೀರು ಹೊಡೆಯೋದು, ಎಪಾಕ್ಸಿಗೆ ನೀರು ತಾಗಿಸಿದ್ರೆ ಕೆಡತ್ತೆ. ಸರಿ ಅಂತ 'ಒಣಗಲು ಬಿಡಿ' ಅಂದ್ರೆ ಅದೂ ತಪ್ಪು, ಎರಡು ಡಬ್ಬಿಯ ಎಪಾಕ್ಸಿ ಒಣಗಿ ಗಟ್ಟಿ ಆಗೋದಲ್ಲ, ಒಂದಕ್ಕೊಂದು ಸೇರಿ ರಾಸಾಯನಿಕವಾಗಿ ಆಗೋದು. ಗಾಳಿಯ ತೇವ ಹೀರಿ ಗಟ್ಟಿಯಾಗೋ ಯುರೇಥೇನ್ ಜಾತಿಯ ಲೇಪಕ್ಕಂತೂ 'ಒಣಗು' ಪೂರ್ತಿ ಉಲ್ಟಾ. ಮುಟ್ಟಿದ್ರೆ ಅಂಟಲ್ಲ ಅಂತ ಕೆಲವು ಗಂಟೆಗೇ ಪೆಟ್ರೋಲ್ ಹಾಕಿಬಿಡ್ತಾರೆ, ಪೊರೆ ಮೆತ್ತಗಾಗಿ ಏಳತ್ತೆ, ಡಬ್ಬಿ ಮೇಲೆ ಬರೆದಿರೋ ಅಷ್ಟೂ ದಿನ ಕಾಯ್ಲೇಬೇಕು. ನಾನು 'ಬಲಿ' ಅಂತ ಯೋಚಿಸ್ತಿದೀನಿ, ಕಾಯಿ ಬಲಿಯೋ ಹಾಗೆ. 'ಒಣಗಿದೆ, ಇನ್ನೂ ಬಲಿತಿಲ್ಲ' ಅಂದ್ರೆ ಯಾರಿಗಾದ್ರೂ ತಿಳಿಯತ್ತೆ ಅನ್ಸತ್ತೆ. ಆದ್ರೆ 'ಬಲಿಯಲು ಬಿಡಿ' ಅಂತ ಅಚ್ಚಿನಲ್ಲಿ ಓದಿದಾಗ ಬೇರೆ ಬಲಿ ನೆನಪಾಗತ್ತಾ? ಪೇಂಟಿಂಗ್, ಫೈಬರ್ ಕೆಲಸ ಮಾಡೋರು ಯಾರಾದ್ರೂ ಇದ್ರೆ ನೀವು ಕೆಲಸದವರ ಜೊತೆ ಆಡೋ ಮಾತೇನು ಅಂತ ತಿಳಿಸಿ, ಅದೇ ಹಾಕ್ತೀನಿ.