ಮಾಸ್ಕೋದಿಂದ ವ್ಲಾಡಿವೋಸ್ಟಾಕ್‌ಗೆ ರೈಲು: ಅಪ್ಪನ ಜೊತೆ ಎಲ್ಲೆಲ್ಲಿ ಇಳಿಯಬೇಕು?

ಕಾವೇರಿತೀರ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 71 ವರ್ಷ. ಪಿರಿಯಾಪಟ್ಟಣದ ಕಡೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು. ಬೋರ್ಡಿನ ಮೇಲೆ ಏಷ್ಯಾ ಭೂಪಟ ಬರೆಯುವಾಗ ಬೈಕಲ್ ಸರೋವರಕ್ಕೆ ಮಾತ್ರ ನೀಲಿ ಸೀಮೆಸುಣ್ಣ ಎತ್ತಿಟ್ಟಿರುತ್ತಿದ್ದರು. ಬಾಳೆಹಣ್ಣಿನ ಹಾಗೆ ಬಾಗಿಸಿ ಬರೆಯುತ್ತಿದ್ದರು. ಅದನ್ನು ಒಂದು ಸಲ ನೋಡಬೇಕು, ಅದೂ ರೈಲಿನಲ್ಲೇ ಹೋಗಿ ನೋಡಬೇಕು ಅಂತ ಅವರ ಆಸೆ. ಅಮ್ಮ ಹೋದಮೇಲೆ ಅವರು ಏನನ್ನೂ ಬೇಕು ಅಂತ ಕೇಳಿಲ್ಲ. ಇದೊಂದೇ ಕೇಳಿದ್ದು.

ಮುಂದಿನ ಸೆಪ್ಟೆಂಬರಿನಲ್ಲಿ ಇಬ್ಬರೂ ಹೋಗೋಣ ಅಂತಿದ್ದೇವೆ. ಪೂರ್ತಿ 9,288 ಕಿ.ಮೀ. ಒಂದೇ ಸಲ ಕೂತರೆ ಸುಮಾರು ಒಂದು ವಾರ. ಅಪ್ಪನಿಗೆ ಮಂಡಿ ನೋವು ಇದೆ, ಮೊಟ್ಟೆ ಕೂಡ ತಿನ್ನಲ್ಲ. ಎಲ್ಲೆಲ್ಲಿ ಇಳಿದರೆ ಒಳ್ಳೇದು? ಊಟಕ್ಕೆ ಏನು ಮಾಡೋದು? ಒಬ್ಬ ಏಜೆಂಟ್ 18 ದಿನಕ್ಕೆ ಒಂಬತ್ತು ಊರು ಅಂತ ಪಟ್ಟಿ ಕಳಿಸಿದ್ದಾರೆ. ನೋಡಿಯೇ ಸುಸ್ತಾಯಿತು. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ವರ್ಕ್‌ಶಾಪ್ ಕಾಕಾ (ಹುಬ್ಬಳ್ಳಿ):

ತಂಗೀ, ಒಂಬತ್ತು ಊರಿನ ಪಟ್ಟಿಯನ್ನು ಬಿಟ್ಟುಬಿಡಿ. ಮೂರು ಕಡೆ ಇಳಿಯಿರಿ, ಪ್ರತಿ ಕಡೆ ಮೂರು ರಾತ್ರಿ ನಿಲ್ಲಿ. ರೈಲು ದಣಿಸುವುದಿಲ್ಲ. ಇಳಿಯುವುದು, ಹತ್ತುವುದು, ಪೆಟ್ಟಿಗೆ ಎಳೆಯುವುದು, ಇವೇ ಮನುಷ್ಯನನ್ನು ದಣಿಸುವುದು. ಮಂಡಿ ನೋವಿದ್ದವರಿಗಂತೂ ಹೇಳುವುದೇ ಬೇಡ.

ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತಿಯಾದವನು. ನಾನೂ ನಮ್ಮ ಮನೆಯವರೂ 2019ರ ಸೆಪ್ಟೆಂಬರಿನಲ್ಲಿ ಬೀಜಿಂಗಿನಿಂದ ಮಂಗೋಲಿಯಾ ಮೇಲೆ ಹಾಯ್ದು ಮಾಸ್ಕೋಗೆ ಹೋದೆವು. ನಾನು ಹೋಗಿದ್ದೇ ಒಂದು ಕಾರಣಕ್ಕೆ: ಚೀನಾದ ಗಡಿಯ ಎರ್ಲಿಯಾನ್ ಸ್ಟೇಷನ್ನಿನಲ್ಲಿ ಬೋಗಿ ಬದಲಿಸುವುದನ್ನು ನೋಡಬೇಕಿತ್ತು. ನಮ್ಮ ಜನ ಇಡೀ ಡಬ್ಬಿಯನ್ನೇ ಬೋಗಿ ಅನ್ನುತ್ತಾರೆ. ವರ್ಕ್‌ಶಾಪಿನವರಿಗೆ ಬೋಗಿ ಅಂದರೆ ಡಬ್ಬಿಯ ಕೆಳಗಿನ ಗಾಲಿಗಳ ಗಾಡಿ. ಚೀನಾದ ಹಳಿಗಳ ನಡುವೆ 1,435 ಮಿ.ಮೀ. ಅಂತರ. ಮಂಗೋಲಿಯಾ, ರಷ್ಯಾದಲ್ಲಿ 1,520. ವ್ಯತ್ಯಾಸ ಬರೀ 85 ಮಿ.ಮೀ., ನಾಲ್ಕು ಬೆರಳಿನ ಅಗಲ. ಅಷ್ಟಕ್ಕೇ ಇಡೀ ರೈಲನ್ನು ಶೆಡ್ಡಿಗೆ ಒಯ್ದು, ಡಬ್ಬಿಗಳನ್ನು ಬಿಡಿಸಿ, ನಾವು ಒಳಗೆ ಕೂತಿದ್ದಂತೆಯೇ ಜಾಕ್ ಹಚ್ಚಿ ಮೇಲೆತ್ತಿದರು. ಅಲುಗಾಟವೇ ಇಲ್ಲ. ಮೇಜಿನ ಮೇಲಿನ ಲೋಟದ ಚಹಾ ಕೂಡ ತುಳುಕಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಹಳೆಯ ಬೋಗಿಗಳು ಒಂದರ ಹಿಂದೊಂದು ಉರುಳಿ ಹೊರಗೆ ಹೋದವು, ಅಗಲದವು ಒಳಗೆ ಬಂದವು. ಜಾಕ್ ಇಳಿದಾಗ ಡಬ್ಬಿಯನ್ನು ಬೋಗಿಗೆ ಕೂಡಿಸುವ ಪಿವಟ್ ತನ್ನ ಜಾಗದಲ್ಲಿ ಕೂತ ಒಂದು ಸದ್ದು ಪಾದದ ಕೆಳಗೆ ಗೊತ್ತಾಯಿತು. ಪಿ.ಓ.ಎಚ್.ಗೆ, ಅಂದರೆ ಕಾಲಕಾಲದ ದೊಡ್ಡ ರಿಪೇರಿಗೆ, ಬಂದ ಕೋಚಿನ ಕೆಳಗೆ ನಿಂತು ಆ ಸದ್ದನ್ನು ಸಾವಿರ ಸಲ ಕೇಳಿದ್ದೇನೆ. ಒಳಗೆ ಕೂತು ಕೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಕೋವಿಡ್ ಬಂದು 2020ರಲ್ಲಿ ಆ ಬೀಜಿಂಗ್ ರೈಲು ನಿಂತಿತು. ನೀವು ಯೋಚಿಸಿರುವ ಮಾಸ್ಕೋ–ವ್ಲಾಡಿವೋಸ್ಟಾಕ್ ದಾರಿಯೇ ಸರಿ, ಗಡಿಯ ತಾಪತ್ರಯ ಇಲ್ಲ.

ಮೊದಲ ಇಳಿದಾಣ ಯೆಕಟೆರಿನ್‌ಬರ್ಗ್. ಮಾಸ್ಕೋದಿಂದ ಸುಮಾರು ಒಂದು ದಿನದ ದಾರಿ. ಅದಕ್ಕೂ ಸ್ವಲ್ಪ ಮುಂಚೆ, 1,777ನೇ ಕಿ.ಮೀ. ಹತ್ತಿರ, ಯೂರೋಪ್–ಏಷ್ಯಾ ಗಡಿಯ ಕಂಬ ಬರುತ್ತದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ದಾಟಿಬಿಡುತ್ತದೆ. ಭೂಗೋಳ ಕಲಿಸಿದವರಿಗೆ ಅದು ಬೇಕೇ ಬೇಕು. ಹಳಿ ಪಕ್ಕದ ಕಿಲೋಮೀಟರ್ ಕಲ್ಲುಗಳ ಮೇಲೆ ಕಣ್ಣಿಟ್ಟಿರಲು ಅಪ್ಪಾಜಿಗೆ ಹೇಳಿ.

ಎರಡನೆಯದು ಇರ್ಕುತ್ಸ್ಕ್. ಅಲ್ಲಿಂದ ಬೈಕಲ್ ದಡದ ಲಿಸ್ತ್ವ್ಯಾಂಕಾ 70 ಕಿ.ಮೀ. ಮೂರು ರಾತ್ರಿಯಲ್ಲಿ ಎರಡನ್ನು ದಡದಲ್ಲೇ ಕಳೆಯಿರಿ. ಸರೋವರದ ಉದ್ದ 636 ಕಿ.ಮೀ., ಆಳ 1,642 ಮೀಟರ್ ಅಂತ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ. ನೀರು ಎಷ್ಟು ತಿಳಿ ಅಂದರೆ, ಮೊಣಕಾಲು ಆಳದಲ್ಲಿದೆ ಅಂದುಕೊಂಡ ಕಲ್ಲನ್ನು ಮುಟ್ಟಲು ಹೋಗಿ ನನ್ನ ತೋಳು ಹೆಗಲವರೆಗೆ ಒದ್ದೆಯಾಯಿತು. ಕೈ ಜೋಮು ಹಿಡಿಯಿತು. ನಮ್ಮ ಮನೆಯವರು ಒಂದು ಬೊಗಸೆ ಕುಡಿದು, ತಲೆಗೂ ಹಚ್ಚಿಕೊಂಡರು.

ಮೂರನೆಯದು ಉಲಾನ್ ಉಡೆ. ಎಷ್ಟೋ ಜನ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನೀವು ಬಿಡಬೇಡಿ. ಬುರ್ಯಾತ್ ಜನರ ಊರು, ಬೌದ್ಧರು. ಊರಿಂದ ಸುಮಾರು 30 ಕಿ.ಮೀ. ದೂರದಲ್ಲಿ ಇವೊಲ್ಗಿನ್ಸ್ಕ್ ದತ್ಸಾನ್ ಅಂತ ಮಠ ಇದೆ. ಸೋವಿಯತ್ ಕಾಲದಲ್ಲೇ, 1945ರಲ್ಲಿ ಶುರುವಾದದ್ದು. ಅಲ್ಲಿ ಪ್ರಾರ್ಥನಾ ಚಕ್ರ ತಿರುಗಿಸುತ್ತ ನಿಂತಿದ್ದೆವು. ಒಬ್ಬ ನಡುವಯಸ್ಸಿನ ಸನ್ಯಾಸಿ ಬಂದು ಇಂಡಿಯಾನಾ ಅಂತ ಕೇಳಿದರು. ಹೌದು, ಹುಬ್ಬಳ್ಳಿ ಅಂದೆ. ಅವರ ಮುಖ ಅರಳಿಬಿಟ್ಟಿತು. “ಹುಬ್ಬಳ್ಳಿ! ಮುಂಡಗೋಡ! ಊಟ ಆತೇನ್ರಿ?” ಅಂದರು. ಅಷ್ಟು ದೂರದಲ್ಲಿ, ಆ ಚಳಿಯಲ್ಲಿ, ನಮ್ಮ ಕಡೆಯ ಕನ್ನಡ! ಮುಂಡಗೋಡದಲ್ಲಿರುವ ಟಿಬೆಟನ್ನರ ಡ್ರೆಪುಂಗ್ ಗೋಮಾಂಗ್ ಮಠಕ್ಕೆ ಮಂಗೋಲಿಯಾ, ಬುರ್ಯಾತಿಯಾ ಕಡೆಯವರು ಓದಲು ಬರುವುದುಂಟು. ಅವರು ಅಲ್ಲಿ ಒಂಬತ್ತು ವರ್ಷ ಇದ್ದರಂತೆ. ಮಾವಿನಹಣ್ಣು, ಮಿರ್ಚಿ ಭಜಿ ಎರಡನ್ನೂ ನೆನೆಸಿಕೊಂಡರು. ನಮಗೆ ಬಿಸಿ ಚಹಾ ಕೊಟ್ಟು ಬಸ್ ನಿಲ್ಲುವಲ್ಲಿವರೆಗೂ ಬಂದರು. ನಿಮ್ಮ ಪಿರಿಯಾಪಟ್ಟಣದ ಪಕ್ಕದಲ್ಲೇ ಬೈಲಕುಪ್ಪೆ ಇದೆಯಲ್ಲ, ಅಪ್ಪಾಜಿಗೆ ಆ ಮಠ ಪರದೇಶ ಅನ್ನಿಸುವುದಿಲ್ಲ.

ಊಟ: ಪ್ರತಿ ಡಬ್ಬಿಯ ತುದಿಯಲ್ಲಿ ಕುದಿಯುವ ನೀರಿನ ಬಾಯ್ಲರ್ ಇರುತ್ತದೆ, ಹಗಲೂ ರಾತ್ರಿ. ಅದೇ ನಿಮ್ಮ ಅಡುಗೆಮನೆ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಒಯ್ದಿದ್ದೆವು. ಇರ್ಕುತ್ಸ್ಕಿನಿಂದ ಮಾಸ್ಕೋವರೆಗೆ ನಮ್ಮ ಡಬ್ಬಿ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಒಬ್ಬರಿದ್ದರು. ಅವರನ್ನು ಪ್ರೊವೊದ್ನಿತ್ಸಾ ಅನ್ನುತ್ತಾರೆ. ಚಟ್ನಿಪುಡಿ ರುಚಿ ನೋಡಿದವರು ಮರುದಿನ ಖಾಲಿ ತಟ್ಟೆ ಹಿಡಿದು ಬಂದರು. ಮಾಸ್ಕೋದಲ್ಲಿ ಇಳಿಯುವಾಗ ಉಳಿದ ಚಟ್ನಿಪುಡಿಯನ್ನು ಅವರಿಗೇ ಕೊಟ್ಟು ಬಂದೆವು. ಸ್ಟೇಷನ್ನುಗಳಲ್ಲಿ ಬ್ರೆಡ್, ಸೌತೆಕಾಯಿ, ಆಲೂಗಡ್ಡೆ ತುಂಬಿದ ಕರಿದ ಬನ್ನು ಸಿಗುತ್ತವೆ. ಒಳಗೆ ಏನಿದೆ ಅಂತ ಕೇಳಿಯೇ ತೆಗೆದುಕೊಳ್ಳಿ.

ಒಂದು ಮುಖ್ಯ ಮಾತು. ಒಂದೇ ಟಿಕೆಟ್ಟಿನಲ್ಲಿ ನಡುವೆ ಇಳಿದು ಮುಂದೆ ಹೋಗುವ, ನಮ್ಮಲ್ಲಿರುವ ಬ್ರೇಕ್ ಜರ್ನಿ ಅಲ್ಲಿ ನಡೆಯುವುದಿಲ್ಲ ಅಂದುಕೊಂಡೇ ಹೊರಡಿ. ಇಳಿಯುವ ಪ್ರತಿ ಊರಿಗೂ ಬೇರೆ ಟಿಕೆಟ್ ಮಾಡಿಸಬೇಕು.

ಹಿಮದ ಹಾಸ್ಟೆಲ್ (ಕಜಾನ್):

ಕಾಕಾ ಬರೆದದ್ದು ಓದಿ ಮನೆ ನೆನಪಾಯಿತು. ನಾನು ದಾವಣಗೆರೆಯವನು, ಇಲ್ಲಿ ಮೆಡಿಕಲ್ ಓದುತ್ತಿದ್ದೇನೆ. ಅಕ್ಕಾ, 2019ರ ನಂತರ ಬದಲಾದದ್ದನ್ನೂ ಇನ್ನೆರಡು ಮಾತನ್ನೂ ಹೇಳುತ್ತೇನೆ.

ದುಡ್ಡು: 2022ರ ಮಾರ್ಚಿನಿಂದ ಹೊರದೇಶದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಇಲ್ಲಿ ರಷ್ಯಾದಲ್ಲಿ ನಡೆಯಲ್ಲ. ಹಾಗಾಗಿ ನಗದು ತನ್ನಿ. ಡಾಲರ್ ನೋಟು ಹೊಸದಾಗಿ, ಮಡಿಕೆ ಇಲ್ಲದೆ ಇರಲಿ. ದೊಡ್ಡ ಊರುಗಳಲ್ಲೇ ಬ್ಯಾಂಕಿಗೆ ಹೋಗಿ ರೂಬಲ್ ಮಾಡಿಸಿಕೊಳ್ಳಿ. ರೈಲು ಟಿಕೆಟನ್ನು ಏಜೆಂಟ್ ಮೂಲಕವೇ ಮಾಡಿಸಬೇಕಾಗಬಹುದು.

ವೀಸಾ: ಭಾರತೀಯರಿಗೆ 2023ರ ಆಗಸ್ಟಿನಿಂದ ಇ-ವೀಸಾ ಇದೆ. ಎಷ್ಟು ದಿನ ಇರಬಹುದು ಅನ್ನೋದನ್ನು ನೋಡಿಕೊಂಡು, ಆಮೇಲೆ ಟಿಕೆಟ್ ಮಾಡಿಸಿ.

ಬರ್ತ್: ನಾಲ್ಕು ಬರ್ತ್‌ನ ಬಾಗಿಲಿರುವ ಕೋಣೆಗೆ ಕೂಪೆ ಅಂತಾರೆ. ಬೆಸ ಸಂಖ್ಯೆ ಕೆಳಗಿನ ಬರ್ತ್, ಸರಿ ಸಂಖ್ಯೆ ಮೇಲಿನದು. ಇದನ್ನು ಏಜೆಂಟ್‌ಗೆ ಬರೆದೇ ಕೊಡಿ. ನನ್ನ ತಂದೆ-ತಾಯಿ ಬಂದಾಗ ಒಬ್ಬ ಏಜೆಂಟ್ ಇಬ್ಬರಿಗೂ ಮೇಲಿನದ್ದೇ ಮಾಡಿಸಿದ್ದ. ಅಮ್ಮ ಮೂರು ದಿನ ಒದ್ದಾಡಿಬಿಟ್ಟರು. ಪ್ಲಾಟ್ಸ್‌ಕಾರ್ಟ್ ಅಂತ ನಮ್ಮ ಸ್ಲೀಪರ್ ಥರದ್ದು ಇದೆ, 54 ಬರ್ತ್, ಬಾಗಿಲಿಲ್ಲ. ನನಗೆ ಅದೇ ಇಷ್ಟ, ಆದರೆ ಅಪ್ಪನವರಿಗೆ ಬೇಡ.

ಮೊದಲು ಇಡೀ ದೇಶದ ರೈಲು ಮಾಸ್ಕೋ ಸಮಯದಲ್ಲೇ ಓಡುತ್ತಿತ್ತು. 2018ರ ಆಗಸ್ಟಿನಿಂದ ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯ ಇರುತ್ತದೆ. ಹಳೆಯ ಬ್ಲಾಗ್ ಓದಿ ಗಾಬರಿಯಾಗಬೇಡಿ.

ಕಾವೇರಿತೀರ:

ಇಬ್ಬರಿಗೂ ತುಂಬಾ ಧನ್ಯವಾದ. ಕಾಕಾ, ನೀವು ಬರೆದದ್ದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಮೊಣಕಾಲು ಆಳದ ಕಲ್ಲಿನ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ಎದ್ದುಹೋಗಿ ಹಳೇ ಅಟ್ಲಾಸ್ ತಂದು ಹಾಸಿಕೊಂಡು ಕೂತಿದ್ದಾರೆ. ಅವರದ್ದೊಂದು ಪ್ರಶ್ನೆ: ರೈಲಿನಿಂದ ಬೈಕಲ್ ಎಷ್ಟು ಹೊತ್ತು ಕಾಣುತ್ತದೆ, ಯಾವ ಕಡೆ?

ವರ್ಕ್‌ಶಾಪ್ ಕಾಕಾ:

ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ಇರ್ಕುತ್ಸ್ಕಿನಿಂದ ಉಲಾನ್ ಉಡೆಗೆ ಏಳೆಂಟು ತಾಸು. ಆ ತುಂಡಿಗೆ ಮಾತ್ರ ಹಗಲಿನ ರೈಲೇ ಆಗಬೇಕು, ಬೆಳಗ್ಗೆ ಹೊರಡುವಂಥದ್ದು. ಮಾಸ್ಕೋ ಕಡೆಯಿಂದ ಹೋಗುವಾಗ ಸರೋವರ ನಿಮ್ಮ ಎಡಗಡೆ. ಸ್ಲ್ಯುದ್ಯಾಂಕಾ ಬರುವ ಮೊದಲು ರೈಲು ಗುಡ್ಡದಿಂದ ಸುತ್ತಿ ಸುತ್ತಿ ಇಳಿಯುತ್ತದೆ, ಆಗಲೇ ಮೊದಲ ಸಲ ಕೆಳಗೆ ನೀಲಿ ಕಾಣುವುದು. ಅಲ್ಲಿಂದ ಮುಂದೆ ಸುಮಾರು 200 ಕಿ.ಮೀ. ದಡದ ಪಕ್ಕದಲ್ಲೇ ಓಡುತ್ತದೆ. ಕೆಲವು ಕಡೆ ಹಳಿಗೂ ನೀರಿಗೂ ನಡುವೆ ಒಂದು ರಸ್ತೆಯಷ್ಟು ಜಾಗವೂ ಇಲ್ಲ.

ನಿಮ್ಮ ಕೂಪೆ ಬಲಕ್ಕೆ ಬಂದರೂ ಚಿಂತೆ ಬೇಡ. ಎದುರಿನ ಓಣಿಯಲ್ಲಿ ಕಿಟಕಿಗಳ ಕೆಳಗೆ ಗೋಡೆಗೆ ಮಡಚುವ ಸಣ್ಣ ಸೀಟುಗಳು ಇರುತ್ತವೆ. ಸ್ಲ್ಯುದ್ಯಾಂಕಾಕ್ಕೆ ಅರ್ಧ ತಾಸು ಮುಂಚೆಯೇ ಒಂದನ್ನು ಬಿಡಿಸಿ, ಮೇಲೆ ಶಾಲು ಹಾಸಿ ಅಪ್ಪಾಜಿಯನ್ನು ಕೂರಿಸಿ. ಚಹಾ ನೀವು ತಂದುಕೊಡಿ, ಅವರು ಏಳುವುದು ಬೇಡ.